ಕೈಗೆ ಜೇಡಿ, ಲ್ಯಾಬಿಗೆ ಮರಳು: ಒಂದು ಮಣ್ಣಿನ ಸರಣಿಯನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ಮಣ್ಣು ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೇನೆ. ದೇವನಹಳ್ಳಿ ಕಡೆ ನಮ್ಮದೇ ರಾಗಿ ಹೊಲದಲ್ಲಿ 160 ಸೆಂ.ಮೀ. ಆಳದ ಗುಂಡಿ ತೆಗೆದು, ಐದು ಪದರಗಳ ಮಣ್ಣನ್ನು ಲ್ಯಾಬಿಗೆ ಕೊಟ್ಟೆ. ಎರಡನೇ ಪದರ ಕೈಗೆ ಚೆನ್ನಾಗಿ ಜೇಡಿ ಅನ್ನಿಸುತ್ತದೆ. ಲ್ಯಾಬ್ ಮಾತ್ರ ಶೇ. 24 ಜೇಡಿ ಎಂದು ಬರೆದಿದೆ. 2021ರಿಂದ 2023ರವರೆಗಿನ ಮಳೆ ಲೆಕ್ಕ ಮತ್ತು ಉಪಗ್ರಹದಿಂದ ಮಾಡಿದ ಎತ್ತರದ ನಕ್ಷೆಯೂ ಇವೆ. ಇವೆಲ್ಲವನ್ನೂ ಸೇರಿಸಿ ಇದು ವಿಜಯಪುರ ಸರಣಿ ಎನ್ನಬಹುದೇ? ಪಕ್ಕದ ಹೊಲವೂ ಇದೇ ಕೆಂಪು. ಅದೂ ಇದೇ ಸರಣಿಯೇ?

ಉತ್ತರ: ನಿಮ್ಮ ಹಾಳೆಗಳನ್ನು ಎರಡು ದಿನ ಇಟ್ಟುಕೊಂಡು ಓದಿದೆ. ನಿಮ್ಮ ಕೈ ಹೇಳಿದ್ದು ಸರಿ ಎಂದು ನನಗೆ ಅನ್ನಿಸುತ್ತಿದೆ. ಅದನ್ನು ತೋರಿಸುವ ಅಂಕಿ ನಿಮ್ಮ ಲ್ಯಾಬ್ ವರದಿಯಲ್ಲೇ ಇದೆ. ಅದಕ್ಕೆ ಬರುತ್ತೇನೆ. ಮೊದಲು ಹೆಸರಿನ ಬಗ್ಗೆ ಒಂದು ಮಾತು.

ನಾವೆಲ್ಲ ಮಾತಿನಲ್ಲಿ ‘ಸೀರೀಸ್’ ಅಂತಲೇ ಹೇಳುವ ಈ ಮಣ್ಣಿನ ಸರಣಿಗೆ, ಅದನ್ನು ಮೊದಲು ಗುರುತಿಸಿದ ಊರಿನ ಹೆಸರು ಇಡುವುದು ರೂಢಿ. ವಿಜಯಪುರ ಸರಣಿಯ ವಿಜಯಪುರ ನಿಮ್ಮ ದೇವನಹಳ್ಳಿ ತಾಲ್ಲೂಕಿನದು. 2014ರಲ್ಲಿ ಬಿಜಾಪುರಕ್ಕೆ ವಿಜಯಪುರ ಎಂದು ಹೆಸರು ಬದಲಾದ ಮೇಲೆ ಎಷ್ಟೋ ಹುಡುಗರು ಇದನ್ನು ಉತ್ತರ ಕರ್ನಾಟಕದ ಎರೆ ಮಣ್ಣು ಅಂದುಕೊಳ್ಳುತ್ತಾರೆ. ಇದು ಗ್ರಾನೈಟ್ ನೈಸ್ ಕಲ್ಲು ಕೊಳೆತು ಆದ ಆಳವಾದ ಕೆಮ್ಮಣ್ಣು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಹೊಲಗಳ ಪ್ರಯೋಗದ ವರದಿಗಳಲ್ಲೂ ಇದೇ ಸರಣಿಯ ಹೆಸರು ಬರುತ್ತದೆ. ಹೀಗಾಗಿ ನಿಮ್ಮ ಊಹೆ ಸುಮ್ನೆ ಹುಟ್ಟಿದ್ದಲ್ಲ. ಆದರೆ ಒಂದು ಗುಂಡಿ ನೋಡಿ ‘ಇದು ವಿಜಯಪುರ’ ಎಂದು ನಾನು ಬರೆಯುವುದಿಲ್ಲ, ನೀವೂ ಬರೆಯಬೇಡಿ.

ಯಾಕೆ ಅಂದರೆ, ಸರಣಿ ಎಂದರೆ ಒಂದು ಗುಂಡಿಯ ಅಂಕಿಗಳಲ್ಲ. ಒಂದೇ ಬಗೆಯ ಕಲ್ಲಿನಿಂದ, ಒಂದೇ ಬಗೆಯ ಇಳಿಜಾರಿನಲ್ಲಿ, ಒಂದೇ ಹವೆಯಲ್ಲಿ ಆದ ಮಣ್ಣುಗಳ ಗುಂಪು ಅದು. ಪದರಗಳ ಜೋಡಣೆ ಒಂದೇ ತರಹ ಇರುತ್ತದೆ. ಆಳ, ಬಣ್ಣ, ಜೇಡಿ, ಗರಸು ಎಲ್ಲಕ್ಕೂ ಇಷ್ಟರಿಂದ ಇಷ್ಟು ಎಂಬ ಮಿತಿ ಇರುತ್ತದೆ. ಆ ಮಿತಿ ಗೊತ್ತಾಗುವುದು ಹತ್ತು ಕಡೆ ನೋಡಿದ ಮೇಲೆ. ಲ್ಯಾಬ್, ಹವಾಮಾನ, ನೆಲದ ಏರಿಳಿತ ಈ ಮೂರನ್ನೂ ಒಂದರ ಪಕ್ಕ ಒಂದಿಟ್ಟು ಓದಿದರೆ ಮಾತ್ರ ಅಂಕಿಗಳಿಗೆ ಅರ್ಥ ಬರುತ್ತದೆ. ನೀವು ಲ್ಯಾಬಿನಿಂದ ಶುರು ಮಾಡಿದ್ದೀರಿ. ನಾನು ನೆಲದಿಂದ ಶುರು ಮಾಡುತ್ತೇನೆ.

ನಿಮ್ಮ ಹೊಲದ ಇಳಿಜಾರು ಶೇ. 2 ಎಂದು ಬರೆದಿದ್ದೀರಿ. ಅದನ್ನು ಎತ್ತರದ ನಕ್ಷೆಯಿಂದ ತೆಗೆದಿರಿ, ಅಲ್ವಾ? ಆ ನಕ್ಷೆಯ ಒಂದೊಂದು ಚೌಕ 30 ಮೀಟರ್. ಒಂದು ಚೌಕದಿಂದ ಇನ್ನೊಂದಕ್ಕೆ ನಿಮ್ಮ ನೆಲ ಇಳಿಯುವುದು 60 ಸೆಂ.ಮೀ. ಮಾತ್ರ. ಉಪಗ್ರಹದ ಎತ್ತರದ ಲೆಕ್ಕದಲ್ಲಿ ತಪ್ಪೇ ಅದಕ್ಕಿಂತ ಜಾಸ್ತಿ ಇರುತ್ತದೆ. ಮರ, ಮನೆ, ಬದು ಎಲ್ಲವೂ ಅದರಲ್ಲಿ ಸೇರಿಹೋಗಿರುತ್ತವೆ. ಟೋಪೋ ಹಾಳೆಯಾದರೂ ಅಷ್ಟೆ. 20 ಮೀಟರ್ ಎತ್ತರಕ್ಕೊಂದು ಗೆರೆ ಇರುವ ಹಾಳೆಯಲ್ಲಿ, ಶೇ. 2 ಇಳಿಜಾರಿನಲ್ಲಿ ಒಂದು ಗೆರೆಯಿಂದ ಇನ್ನೊಂದಕ್ಕೆ ಒಂದು ಕಿಲೋಮೀಟರ್ ದೂರ. ಅಷ್ಟರೊಳಗೆ ಮೂರು ಸರಣಿ ಬಂದು ಹೋಗಿರಬಹುದು. ಅದಕ್ಕೇ ನಡೆದು ನೋಡಬೇಕು. ದಿಣ್ಣೆಯ ತುದಿಯಿಂದ ಕೆರೆಯ ಅಂಗಳದವರೆಗೆ ನೇರ ಒಂದು ಗೆರೆ ಹಿಡಿದು, ಕೈಯಲ್ಲಿ ಇಳಿಜಾರು ಅಳೆಯುವ ಆಬ್ನಿ ಲೆವೆಲ್ ಇಟ್ಟುಕೊಂಡು ಇಳಿಯಿರಿ.

ನಿಮ್ಮ ಕಡೆಯ ನೆಲದಲ್ಲಿ ಆ ನಡಿಗೆ ಹೆಚ್ಚು ಕಡಿಮೆ ಹೀಗಿರುತ್ತದೆ. ಮೇಲೆ ಬಂಡೆ ಕಾಣುವ ಕಡೆ ಮಣ್ಣು ತೆಳು, ಗರಸು ಜಾಸ್ತಿ, ಹುರುಳಿ ಹಾಕುವ ಜಾಗ. ನಡು ಇಳಿಜಾರಿನಲ್ಲಿ ಆಳವಾದ ಕೆಮ್ಮಣ್ಣು, ರಾಗಿ-ಅವರೆ ಹೊಲ. ಇನ್ನೂ ಕೆಳಗೆ ಕೆಂಪು ಕಂದಾಗುತ್ತದೆ. ಕೆರೆ ಅಚ್ಚುಕಟ್ಟಿನ ಹತ್ತಿರ ಬೂದು ಬಣ್ಣ, ಅಂಟು ಮಣ್ಣು, ಕೆಲವು ಕಡೆ ಸುಣ್ಣದ ಹರಳು. ಮೇಲಿಂದ ನೀರು ತೊಳೆದುಕೊಂಡು ಹೋದದ್ದು ಕೆಳಗೆ ನಿಲ್ಲುತ್ತದೆ. ಇಳಿಜಾರಿನಲ್ಲಿ ಮಣ್ಣುಗಳು ಹೀಗೆ ಸಾಲಾಗಿ ಜೋಡಿಸಿಕೊಳ್ಳುವುದಕ್ಕೆ ಪೂರ್ವ ಆಫ್ರಿಕಾದಲ್ಲಿ ಕೆಲಸ ಮಾಡಿದ ಜೆಫ್ರಿ ಮಿಲ್ನ್ 1935ರಲ್ಲಿ ‘ಕೆಟೀನಾ’ ಎಂದು ಹೆಸರಿಟ್ಟರು. ಸರಪಳಿ ಎಂದು ಅರ್ಥ. ನಿಮ್ಮ ಗುಂಡಿ ಈ ಸರಪಳಿಯ ಯಾವ ಕೊಂಡಿ ಎಂದು ಮೊದಲ ಸಾಲಿನಲ್ಲೇ ಬರೆಯಿರಿ.

ಗುಂಡಿಯ ಜಾಗದ ಬಗ್ಗೆ ನಿಮ್ಮ ತಂದೆಯವರನ್ನೂ ಕೇಳಿ. ಆ ಹೊಲಕ್ಕೆ ಯಾವಾಗಲಾದರೂ ಕೆರೆಗೋಡು ಹೊಡೆಸಿದ್ದಾರಾ? ಸಮ ಮಾಡಿಸಿದ್ದಾರಾ? ಹಿಂದೊಮ್ಮೆ ನಾನು ಚೆಂದದ ಗುಂಡಿ ತೆಗೆಸಿ, ಅರ್ಧ ದಿನ ಕೂತು ಪದರ ಗುರುತಿಸಿದ್ದೆ. ಆಮೇಲೆ 50 ಸೆಂ.ಮೀ. ಆಳದಲ್ಲಿ ಹೆಂಚಿನ ಚೂರು ಸಿಕ್ಕಿತು. ಮೇಲಿನದ್ದೆಲ್ಲ ಬೇರೆ ಕಡೆಯಿಂದ ತಂದು ಸುರಿದ ಮಣ್ಣು. ಹೊಲದ ಯಜಮಾನರನ್ನು ಮೊದಲೇ ಕೇಳಿದ್ದರೆ ಆ ದಿನ ಉಳಿಯುತ್ತಿತ್ತು.

ಈಗ ನಿಮ್ಮ ಮುಖ್ಯ ಪ್ರಶ್ನೆ, ಜೇಡಿ ಲೆಕ್ಕ.

ನಿಮ್ಮ ವರದಿಯಲ್ಲಿ 0-16 ಸೆಂ.ಮೀ. ಪದರಕ್ಕೆ ಜೇಡಿ ಶೇ. 16, ಎರಡನೆಯದಕ್ಕೆ (16-38) ಶೇ. 24, ಮೂರನೆಯದಕ್ಕೆ (38-74) ಶೇ. 27. ಇದನ್ನು ಹಾಗೇ ಒಪ್ಪಿಕೊಂಡರೆ ಎರಡನೇ ಪದರ ಕೈಯಲ್ಲಿ ಹಾಗೆ ನಾದಿಕೊಳ್ಳುವುದಿಲ್ಲ. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದಾಗ ಉದ್ದ ಪಟ್ಟಿ ಬಂತು, ಬೆರಳಿಗೆ ಅಂಟಿತು, ಒಳಗೆ ಮರಳು ಕಿರುಗುಟ್ಟಿತು ಎಂದು ಬರೆದಿದ್ದೀರಿ. ಅದು ಮರಳು ಮಿಶ್ರಿತ ಜೇಡಿಯ ಲಕ್ಷಣ. ಅಂದರೆ ಜೇಡಿ ಶೇ. 35 ಆದರೂ ಇರಬೇಕು.

ನಮ್ಮ ಕೆಮ್ಮಣ್ಣಿನಲ್ಲಿ ಇದು ಮಾಮೂಲಿ ತೊಡಕು. ಲ್ಯಾಬಿನಲ್ಲಿ ಮಣ್ಣಿನಿಂದ ಸಾವಯವ ಅಂಶ ಕಳೆದು, ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಹಾಕಿ ಅಲುಗಾಡಿಸಿ, ಕಣ ಬಿಡಿಸಿ, ನೀರಿನಲ್ಲಿ ಎಷ್ಟು ಬೇಗ ತಳಕ್ಕಿಳಿಯುತ್ತದೆ ಎಂದು ನೋಡುತ್ತಾರೆ. ದಪ್ಪ ಕಣ ಬೇಗ ಇಳಿಯುತ್ತದೆ. 2 ಮೈಕ್ರಾನಿಗಿಂತ ಸಣ್ಣ ಜೇಡಿ ಗಂಟೆಗಟ್ಟಲೆ ತೇಲುತ್ತದೆ. ಆದರೆ ಕೆಮ್ಮಣ್ಣಿಗೆ ಕೆಂಪು ಕೊಡುವ ಅದೇ ಕಬ್ಬಿಣದ ಆಕ್ಸೈಡು ಜೇಡಿ ಕಣಗಳನ್ನು ಗಾರೆಯ ಹಾಗೆ ಹಿಡಿದಿರುತ್ತದೆ. ನಾಲ್ಕಾರು ಕಣ ಸೇರಿ ಸಣ್ಣ ಗುಳಿಗೆಯಾಗಿ, ಮರಳಿನ ಜೊತೆ ತಳಕ್ಕೆ ಕೂರುತ್ತದೆ. ಲ್ಯಾಬ್ ಅದನ್ನು ಮರಳು ಅಥವಾ ರೇವೆ (ಮರಳಿಗೂ ಜೇಡಿಗೂ ನಡುವಿನ ಗಾತ್ರದ ಕಣ) ಎಂದು ಎಣಿಸುತ್ತದೆ. ನಿಮ್ಮ ಬೆರಳು ನಾದಿ ನಾದಿ ಆ ಗುಳಿಗೆ ಒಡೆದಿತ್ತು.

ಹಾಗಂತ ಲ್ಯಾಬ್ ಅಂಕಿ ಹೊಡೆದುಹಾಕಿ ಕೈ ಲೆಕ್ಕ ಬರೆಯುವ ಹಾಗಿಲ್ಲ. ಪರೀಕ್ಷೆ ಮಾಡಲು ದಾರಿ ಇದೆ. ಬೆಳೆ ಬಾಡುವ ಹಂತದಲ್ಲಿ, ಅಂದರೆ 15 ಬಾರ್ ಒತ್ತಡದಲ್ಲಿ, ಮಣ್ಣಿನಲ್ಲಿ ಉಳಿಯುವ ನೀರನ್ನು ನೋಡಿ. ಆ ನೀರನ್ನು ಹಿಡಿಯುವುದು ಬಹುಪಾಲು ಜೇಡಿಯೇ. ಗುಳಿಗೆಯಾಗಿ ಅಂಟಿಕೊಂಡರೂ ಅದು ನೀರು ಹಿಡಿಯುತ್ತದೆ. ಸರಿಯಾಗಿ ಬಿಡಿಸಿದ ಮಣ್ಣಿನಲ್ಲಿ ಈ ನೀರಿಗೂ ಜೇಡಿಗೂ ಇರುವ ಅನುಪಾತ 0.4ರ ಆಸುಪಾಸು. 0.6 ಮುಟ್ಟಿತು ಅಂದರೆ ಜೇಡಿ ಪೂರ್ತಿ ಬಿಡಿಸಿಲ್ಲ ಎಂದು ಅನುಮಾನ ಪಡಬೇಕು. ಅಮೆರಿಕದ ಸಾಯಿಲ್ ಟ್ಯಾಕ್ಸಾನಮಿ, ಅಂದರೆ ನಾವೂ ಬಳಸುವ ವರ್ಗೀಕರಣ, ಅಂಥ ಮಣ್ಣಿಗೆ ಬೇರೆ ಲೆಕ್ಕ ಕೊಡುತ್ತದೆ. 15 ಬಾರ್ ನೀರಿನ ಶೇಕಡಾವಾರಿನಲ್ಲಿ ಸಾವಯವ ಇಂಗಾಲ ಕಳೆದು 2.5ರಿಂದ ಗುಣಿಸಿ.

ನಿಮ್ಮ ಎರಡನೇ ಪದರ: ನೀರು 14.8, ಜೇಡಿ 24. ಅನುಪಾತ 0.62. ಇಂಗಾಲ 0.5. ಹಾಗಾದರೆ 14.3 ಗುಣಿಸು 2.5, ಜೇಡಿ ಸುಮಾರು ಶೇ. 36. ಮೂರನೇ ಪದರ: ನೀರು 16.6, ಜೇಡಿ 27, ಅನುಪಾತ 0.61. ಇಂಗಾಲ 0.3. ಜೇಡಿ ಸುಮಾರು ಶೇ. 41. ಮೇಲಿನ ಪದರದಲ್ಲಿ ನೀರು 6.5, ಜೇಡಿ 16. ಅಲ್ಲಿ ಅನುಪಾತ 0.41, ಅದು ಸರಿಯಾಗಿದೆ. ನಿಮ್ಮ ಕೈ ಹೇಳಿದ ಉತ್ತರವೇ ಬಂತು.

ಇದರಿಂದ ಏನು ಬದಲಾಗುತ್ತದೆ ಎಂದು ನೋಡಿ. ಜೇಡಿ ಶೇಖರವಾದ ಪದರದ ಮೇಲಿನ 50 ಸೆಂ.ಮೀ. ಸರಾಸರಿ ತೆಗೆದರೆ, ವರದಿಯ ಪ್ರಕಾರ ಶೇ. 26. ಅದು ‘ಫೈನ್ ಲೋಮಿ’ ಕುಟುಂಬ (ಕುಟುಂಬ ಎಂದರೆ ವರ್ಗೀಕರಣದಲ್ಲಿ ಸರಣಿಗಿಂತ ಒಂದು ಮೆಟ್ಟಿಲು ಮೇಲಿನ ಗುಂಪು). ತಿದ್ದಿದ ಲೆಕ್ಕದಲ್ಲಿ ಶೇ. 39. ಅದು ‘ಫೈನ್’. ಇನ್ನು ಸಿಇಸಿ, ಅಂದರೆ ಪೋಷಕಾಂಶಗಳನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ. ಮೂರನೇ ಪದರದಲ್ಲಿ ಅದು ಪ್ರತಿ ಕಿಲೋ ಮಣ್ಣಿಗೆ 6.1 ಸೆಂಟಿಮೋಲ್. ಇದನ್ನು ಜೇಡಿಗೆ ಹಂಚಿದರೆ ವರದಿಯ ಲೆಕ್ಕದಲ್ಲಿ 22.6, ತಿದ್ದಿದ ಲೆಕ್ಕದಲ್ಲಿ 14.9. ಕ್ಯಾಂಡಿಕ್ ಪದರ, ಅಂದರೆ ಪೋಷಕಾಂಶ ಹಿಡಿಯುವ ಶಕ್ತಿ ಕಡಿಮೆ ಇರುವ ಜೇಡಿಯ ಪದರ, ಎನ್ನಲು ಇದು 16 ದಾಟಬಾರದು. ಬೇಸುಗಳ (ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ, ಸೋಡಿಯಂ) ಮೊತ್ತ 4.4 ಇದೆ. ಇದಕ್ಕೆ ಕೂಡಿಸಬೇಕಾದ ಅಲ್ಯೂಮಿನಿಯಂ ಸಿಕ್ಕಿಲ್ಲ. ಜೇಡಿಗೆ ಹಂಚಿದರೆ 10.7. ಇದಕ್ಕೆ ಮಿತಿ 12. ಅದೂ ಒಳಗಿದೆ. ಕಣ ಬಿಡಿಸುವ ಒಂದೇ ಹಂತದಲ್ಲಿ ಕೊರತೆಯಾಗಿದ್ದಕ್ಕೆ ಕುಟುಂಬವೂ ಬದಲು, ಮೇಲಿನ ಹೆಸರೂ ಬದಲು.

ಇದೇ ಕಾರಣಕ್ಕೆ ವಿಜಯಪುರ ಸರಣಿಗೆ ಒಂದು ವರದಿಯಲ್ಲಿ ಆಕ್ಸಿಕ್ ಹ್ಯಾಪ್ಲುಸ್ಟಾಲ್ಫ್, ಇನ್ನೊಂದರಲ್ಲಿ ಕ್ಯಾಂಡಿಕ್ ಪೇಲಿಯುಸ್ಟಾಲ್ಫ್ ಎಂದು ಕಂಡರೆ ಗಾಬರಿಯಾಗಬೇಡಿ. ಕ್ಯಾಂಡಿಕ್ ಎಂಬ ಕಲ್ಪನೆಯೇ ವರ್ಗೀಕರಣಕ್ಕೆ ಬಂದದ್ದು 1980ರ ದಶಕದಲ್ಲಿ. ನಿಯಮ ಬದಲಾದಾಗ ಮೇಲಿನ ಹೆಸರು ಬದಲಾಗುತ್ತದೆ. ಹೊಲದಲ್ಲಿರುವ ಮಣ್ಣು ಅಲ್ಲೇ ಇರುತ್ತದೆ, ಸರಣಿಯ ಹೆಸರೂ ಉಳಿಯುತ್ತದೆ. ನನಗೆ ಸರಣಿ ಎಂಬ ಹಂತದ ಮೇಲೆ ಇಷ್ಟು ಪ್ರೀತಿ ಇರುವುದು ಅದಕ್ಕೇ.

ಜೇಡಿ ಮೇಲಿಂದ ಇಳಿದು ಕೂತದ್ದು ಹೌದೇ ಎಂಬುದಕ್ಕೆ ಅಂಕಿ ಸಾಲದು. 16ರಿಂದ 36ಕ್ಕೆ ಏರಿದ್ದು ನಿಯಮಕ್ಕೆ ಬೇಕಾದ 1.2 ಪಟ್ಟಿಗಿಂತ ಬಹಳ ಜಾಸ್ತಿ, ಸರಿ. ಆದರೂ ಗುಂಡಿಗೆ ವಾಪಸು ಹೋಗಿ. ಬೆಳಗಿನ ಓರೆ ಬಿಸಿಲಿನಲ್ಲಿ, ಮೂರನೇ ಪದರದಿಂದ ಅಡಿಕೆ ಗಾತ್ರದ ಹೆಂಟೆ ಬಿಡಿಸಿ. ಚಾಕುವಿನಿಂದ ಕತ್ತರಿಸಬೇಡಿ, ಅದು ತಾನಾಗಿ ಎಲ್ಲಿ ಬಿರಿಯುತ್ತದೋ ಅಲ್ಲಿ ಬೆರಳಿನಿಂದ ಬಿಚ್ಚಿ. ಬಿಚ್ಚಿದ ಮೈಯನ್ನು ಹತ್ತು ಪಟ್ಟು ದೊಡ್ಡದು ಮಾಡುವ ಕೈಗಾಜಿನಲ್ಲಿ ನೋಡಿ. ಎಣ್ಣೆ ಸವರಿದ ಹಾಗೆ ಮಿರುಗುವ ತೆಳು ಚರ್ಮ ಕಂಡರೆ ಅದು ಜೇಡಿ ಪೊರೆ. ಬೇರು ಹೋದ ಸಣ್ಣ ತೂತುಗಳ ಒಳಗೋಡೆಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಹೊರಮೈ ಒಳಗಿಗಿಂತ ಒಂದು ಛಾಯೆ ಗಾಢ ಕೆಂಪಾಗಿರುತ್ತದೆ. ಇದು ಕಂಡರೆ ಆರ್ಜಿಲಿಕ್ ಪದರ, ಅಂದರೆ ಜೇಡಿ ಇಳಿದು ಕೂತ ಪದರ, ಎಂದು ಧೈರ್ಯವಾಗಿ ಬರೆಯಬಹುದು. ಮನ್ಸೆಲ್ ಬಣ್ಣದ ಪಟ್ಟಿ ನೋಡಿ ಮಣ್ಣಿನ ಬಣ್ಣವನ್ನು ಒದ್ದೆ ಮತ್ತು ಒಣ ಎರಡೂ ಸ್ಥಿತಿಯಲ್ಲಿ ಬರೆದುಕೊಳ್ಳಿ. ನೀವು ಒಂದನ್ನೇ ಬರೆದಿದ್ದೀರಿ, ಯಾವುದೆಂದೂ ಹೇಳಿಲ್ಲ.

ಬೇಸ್ ಸ್ಯಾಚುರೇಶನ್, ಅಂದರೆ ಸಿಇಸಿಯಲ್ಲಿ ಬೇಸುಗಳ ಪಾಲು, ಅದರ ಬಗ್ಗೆ ಒಂದು ಎಚ್ಚರಿಕೆ. ಮೂರನೇ ಪದರದ ಶೇ. 72 ನೋಡಿ ಆಲ್ಫಿಸಾಲ್ ಎಂದಿದ್ದೀರಿ. ಬೇಸು ಹೆಚ್ಚು ಉಳಿದ ಆಲ್ಫಿಸಾಲೋ, ಅದು ತೊಳೆದು ಹೋದ ಅಲ್ಟಿಸಾಲೋ ಎಂದು ತೀರ್ಮಾನವಾಗುವುದು ಕೆಳಗೆ. ಜೇಡಿ ಪದರ ಶುರುವಾದಲ್ಲಿಂದ 125 ಸೆಂ.ಮೀ. ಕೆಳಗೆ ಎಂದರೆ ನಿಮ್ಮ ಗುಂಡಿಯಲ್ಲಿ 141 ಸೆಂ.ಮೀ. ಅದು ಐದನೇ ಪದರ. ಅಲ್ಲಿನ ಅಂಕಿ ಬೇಕು. ಮತ್ತೆ, ಇವೆರಡನ್ನು ಬೇರೆ ಮಾಡುವ ಶೇ. 35 ಎಂಬ ಗಡಿ ಪಿಎಚ್ 8.2ರ ವಿಧಾನದ್ದು. ನಿಮ್ಮ ಲ್ಯಾಬ್ ಮಾಡಿರುವುದು ಪಿಎಚ್ 7ರ ಅಮೋನಿಯಂ ಅಸಿಟೇಟ್. ಎರಡನ್ನೂ ಒಂದೇ ಗಡಿಗೆ ಹೋಲಿಸಬಾರದು. ಪಿಎಚ್ 8.2ರಲ್ಲಿ ಅಂಕಿ ಕಡಿಮೆ ಬರುತ್ತದೆ. ನಿಮ್ಮ ಮಣ್ಣಿನ ಪಿಎಚ್ 6.2 ಇರುವುದರಿಂದ ಆಲ್ಫಿಸಾಲ್ ಆಗಿಯೇ ಉಳಿಯುತ್ತದೆ ಎಂದು ನನ್ನ ಅಂದಾಜು. ಆದರೂ ಪ್ರಬಂಧಕ್ಕೆ ಅಂದಾಜು ಸಾಲದು.

ಹವಾಮಾನಕ್ಕೆ ಬರೋಣ. 2021, 2022, 2023ರ ಸರಾಸರಿ ದಯವಿಟ್ಟು ಬಳಸಬೇಡಿ. ಮೊದಲ ಎರಡು ವರ್ಷ ನಿಮ್ಮ ಕಡೆ ಅತಿ ಮಳೆ, ಮೂರನೆಯದು ಬರ. ಇವನ್ನು ಕೂಡಿಸಿ ಮೂರರಿಂದ ಭಾಗಿಸಿದರೆ ಬರುವ ಅಂಕಿ ಯಾವ ವರ್ಷಕ್ಕೂ ಸೇರುವುದಿಲ್ಲ. ವರ್ಗೀಕರಣ ಕೇಳುವುದು ‘ಸಾಮಾನ್ಯ ವರ್ಷ’ವನ್ನು. ಅದಕ್ಕೆ 30 ವರ್ಷ ಅಥವಾ ಅದಕ್ಕೂ ಹೆಚ್ಚಿನ ದಾಖಲೆ ಬೇಕು. ವರ್ಷದ ಮಳೆಯೂ, 12ರಲ್ಲಿ 8 ತಿಂಗಳ ಮಳೆಯೂ ಆ ದೀರ್ಘ ಸರಾಸರಿಯಿಂದ ಒಂದು ಸ್ಟ್ಯಾಂಡರ್ಡ್ ಡೀವಿಯೇಷನ್ ಒಳಗಿರಬೇಕು. ಗ್ರಾಮ ಪಂಚಾಯಿತಿಯ ಹೊಸ ಮಳೆಮಾಪಕ ಹತ್ತಿರವಿದೆ, ನಿಜ, ಆದರೆ ಅಷ್ಟು ಹಳೆಯ ದಾಖಲೆ ಅದರಲ್ಲಿಲ್ಲ. ತಾಲ್ಲೂಕಿನ ಹಳೆಯ ಮಳೆ ಕೇಂದ್ರದ ಲೆಕ್ಕ ತೆಗೆದುಕೊಳ್ಳಿ. ಬೆಂಗಳೂರಿನ ಅಂಕಿಯನ್ನೂ ಹಾಗೇ ಎತ್ತಿಕೊಳ್ಳಬೇಡಿ. ಅಲ್ಲಿ ಸರಾಸರಿ 900 ಮಿ.ಮೀ. ದಾಟುತ್ತದೆ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಹೋದಂತೆ ಕಡಿಮೆಯಾಗುತ್ತದೆ.

ಮಣ್ಣಿನ ಉಷ್ಣತೆ ಸುಲಭ. 50 ಸೆಂ.ಮೀ. ಆಳದಲ್ಲಿ ವರ್ಷದ ಸರಾಸರಿ 22 ಡಿಗ್ರಿ ಅಥವಾ ಹೆಚ್ಚು, ಬೇಸಿಗೆ-ಚಳಿಗಾಲದ ಅಂತರ 6 ಡಿಗ್ರಿಗಿಂತ ಕಡಿಮೆ ಇದ್ದರೆ ಐಸೋಹೈಪರ್‌ಥರ್ಮಿಕ್. 900 ಮೀಟರ್ ಎತ್ತರದ ನಿಮ್ಮ ಪ್ರಸ್ಥಭೂಮಿಯಲ್ಲಿ ಗಾಳಿಯ ಸರಾಸರಿಯೇ 24ರ ಸುತ್ತ. ಅಲ್ಲಿ ಅನುಮಾನವಿಲ್ಲ.

ತೇವದ ಲೆಕ್ಕ ಮಾತ್ರ ನಿಧಾನವಾಗಿ ಮಾಡಬೇಕು. ಮಣ್ಣು ವರ್ಷದಲ್ಲಿ ಒಟ್ಟು 90 ದಿನವಾದರೂ ಒಣಗಿರಬೇಕು, ಆದರೆ ಒಂದಷ್ಟು ಭಾಗ ಒಟ್ಟು 180 ದಿನಕ್ಕಿಂತ ಹೆಚ್ಚು ಅಥವಾ ಬಿಡದೆ 90 ದಿನ ಹಸಿಯಾಗಿರಬೇಕು. ಅದು ಅಸ್ಟಿಕ್. ಇದಕ್ಕೆ ನೀವು ಮಳೆ, ಉಷ್ಣತೆಯಿಂದ ಮಣ್ಣಿನ ತೇವದ ಲೆಕ್ಕ ಹಾಕುವ ನ್ಯೂಹಾಲ್ ಮಾದರಿ ಬಳಸಿದ್ದೀರಿ, ಒಳ್ಳೆಯದು. ಆದರೆ ಆ ಮಾದರಿ ನೀವು ಬದಲಿಸದಿದ್ದರೆ ಮಣ್ಣು 200 ಮಿ.ಮೀ. ನೀರು ಹಿಡಿಯುತ್ತದೆ ಎಂದು ಭಾವಿಸಿಕೊಳ್ಳುತ್ತದೆ. ನಿಮ್ಮ ಮಣ್ಣು ಅಷ್ಟು ಹಿಡಿಯುತ್ತದೆಯೇ?

ಲೆಕ್ಕ ಹಾಕಿದೆ. ಹದದ ತೇವದಿಂದ, ಅಂದರೆ ಹೆಚ್ಚಿನ ನೀರು ಬಸಿದ ಮೇಲೆ ಉಳಿಯುವ ತೇವದಿಂದ, ಬಾಡುವ ಹಂತದ ತೇವ ಕಳೆದರೆ ನಿಮ್ಮ ಪದರಗಳಲ್ಲಿ ಉಳಿಯುವುದು ಶೇ. 5.5ರಿಂದ 6. ಮಣ್ಣಿನ ಸಾಂದ್ರತೆ 1.5. ಮೇಲಿಂದ 16 ಸೆಂ.ಮೀ.ಗೆ 13 ಮಿ.ಮೀ., ಮುಂದಿನ 22 ಸೆಂ.ಮೀ.ಗೆ 18, ಅದರ ಮುಂದಿನ 36 ಸೆಂ.ಮೀ.ಗೆ 32. 74ರಿಂದ ಒಂದು ಮೀಟರಿನವರೆಗೆ 23 ಆಗಬೇಕಿತ್ತು, ಆದರೆ ಅಲ್ಲಿ ಗಾತ್ರದಲ್ಲಿ ಶೇ. 30 ಗರಸು ಎಂದು ಬರೆದಿದ್ದೀರಿ. ಗರಸು ನೀರು ಹಿಡಿಯದು, ಅದನ್ನು ಕಳೆದರೆ 16. ಒಟ್ಟು ಒಂದು ಮೀಟರಿಗೆ ಸುಮಾರು 80 ಮಿ.ಮೀ. 200 ಎಲ್ಲಿ, 80 ಎಲ್ಲಿ! ಈ ಅಂಕಿ ಹಾಕಿ ಮಾದರಿಯನ್ನು ಮತ್ತೆ ಓಡಿಸಿ. ಒಣ ದಿನಗಳು ಹೆಚ್ಚುತ್ತವೆ. ಅಸ್ಟಿಕ್ ಆಗಿಯೇ ಉಳಿಯಬಹುದು, ಆದರೆ ಉಳಿಯಿತು ಎಂದು ತೋರಿಸಬೇಕು.

ಈ 80 ನಿಮ್ಮ ಮನೆಯವರಿಗೆ ಈಗಾಗಲೇ ಗೊತ್ತಿರುವ ವಿಷಯ. ರಾಗಿ ದಿನಕ್ಕೆ 4 ಮಿ.ಮೀ. ಕುಡಿದರೆ 20 ದಿನಕ್ಕೆ ನೀರು ಖಾಲಿ. ಅರ್ಧ ಮುಗಿಯುತ್ತಿದ್ದಂತೆಯೇ ಎಲೆ ಸುತ್ತಿಕೊಳ್ಳಲು ಶುರುವಾಗುತ್ತದೆ. ಹಾಗಾಗಿ ಮಳೆ ಹತ್ತು-ಹನ್ನೆರಡು ದಿನ ಕೈಕೊಟ್ಟರೆ ಸಾಕು, ಕಷ್ಟ. ಜೇಡಿ ಶೇ. 40 ಇದ್ದೂ ಯಾಕೆ ಇಷ್ಟು ಕಡಿಮೆ? ಇದು ಕಯೊಲಿನ್ ಜಾತಿಯ ಜೇಡಿ. ಸಿಇಸಿಯನ್ನು ಜೇಡಿಯಿಂದ ಭಾಗಿಸಿದಾಗ 0.15 ಬಂದದ್ದು ಅದನ್ನೇ ಸೂಚಿಸುತ್ತದೆ. ಎರೆ ಮಣ್ಣಿನ ಜೇಡಿಯ ಹಾಗೆ ಇದು ಊದಿಕೊಂಡು ನೀರು ಕೂಡಿಡುವುದಿಲ್ಲ. ಲ್ಯಾಬು, ಮಳೆ, ಹೊಲ ಮೂರೂ ಒಂದೇ ಮಾತು ಹೇಳುತ್ತಿವೆ, ನೋಡಿ. ಸರಣಿಯ ವಿವರಣೆಯಲ್ಲಿ ಓದುವವರಿಗೆ ಬೇಕಾದದ್ದು ಇದೇ ಸಂಬಂಧ. ಎಷ್ಟೋ ಪ್ರಬಂಧಗಳಲ್ಲಿ ಮೂರು ಅಧ್ಯಾಯ ಬೇರೆ ಬೇರೆ ಇರುತ್ತವೆ, ಒಂದನ್ನೊಂದು ಮುಟ್ಟುವುದೇ ಇಲ್ಲ. ಅದು ನನಗೆ ನಿಜವಾಗಿ ಬೇಸರ ತರುತ್ತದೆ.

ಕೊನೆಗೆ ಪಕ್ಕದ ಹೊಲ. ಕೆಂಪು ಒಂದೇ ಎಂದು ಸರಣಿ ಒಂದೇ ಆಗುವುದಿಲ್ಲ. ಮೇಲ್ಮಣ್ಣಿನಲ್ಲಿ ಮಾತ್ರ ವ್ಯತ್ಯಾಸ ಇದ್ದರೆ, ಇಳಿಜಾರು ಸ್ವಲ್ಪ ಹೆಚ್ಚಿದ್ದರೆ, ಒಂದಿಷ್ಟು ಕೊಚ್ಚಿ ಹೋಗಿದ್ದರೆ ಅದು ಅದೇ ಸರಣಿಯ ಬೇರೆ ‘ಫೇಸ್’ ಅಷ್ಟೆ. ರಾಜ್ಯದ ಸುಜಲಾ-3 ಜಲಾನಯನ ಯೋಜನೆಯಲ್ಲಿ ಸರ್ವೆ ನಂಬರ್ ಮಟ್ಟದಲ್ಲಿ ಮಾಡಿದ ನಕ್ಷೆಗಳಲ್ಲಿ ಒಂದೇ ಸರಣಿ ಹೀಗೆ ಹಲವು ಫೇಸ್‌ಗಳಾಗಿ ಒಡೆದಿರುವುದನ್ನು ನೋಡಬಹುದು. ಆದರೆ ಗಟ್ಟಿ ಕಲ್ಲು 75 ಸೆಂ.ಮೀ.ಗೇ ಸಿಕ್ಕಿದರೆ, ಅಥವಾ ಜೇಡಿ ಪದರದಲ್ಲೇ ಗರಸು ಗಾತ್ರದಲ್ಲಿ ಶೇ. 35 ಮುಟ್ಟಿದರೆ, ಅದು ಬೇರೆ ಸರಣಿ. ನಿಮ್ಮ ಗುಂಡಿಯಿಂದ ಮೇಲಕ್ಕೂ ಕೆಳಕ್ಕೂ, 50 ಮೀಟರಿಗೊಂದರಂತೆ, ಒಟ್ಟು ಎಂಟು-ಹತ್ತು ಕಡೆ ಆಗರ್ (ಮಣ್ಣು ಕೊರೆದು ತೆಗೆಯುವ ಸಲಕರಣೆ) ಹಾಕಿ. ಆಳ, ಬಣ್ಣ, ಕೈಗೆ ಸಿಕ್ಕ ಜೇಡಿ, ಗರಸು ಇಷ್ಟು ಬರೆದುಕೊಳ್ಳಿ. ಒಂದೇ ತರಹ ಕಂಡ ಜಾಗಗಳಲ್ಲಿ ಇನ್ನೆರಡು ಪೂರ್ತಿ ಗುಂಡಿ ತೆಗೆಯಿರಿ. ಲ್ಯಾಬಿಗೆ ಕೊಡುವಾಗ 2 ಮಿ.ಮೀ. ಜರಡಿಯ ಮೇಲೆ ನಿಂತ ಗರಸನ್ನು ಬಿಸಾಡದೆ ತೂಗಿಸಿ. ಹತ್ತು ಚೀಲಕ್ಕೆ ಒಂದನ್ನು ಬೇರೆ ನಂಬರಿನಲ್ಲಿ ಎರಡನೇ ಸಲ ಕಳಿಸಿ. ಎರಡೂ ಅಂಕಿ ಎಷ್ಟು ಹತ್ತಿರ ಬಂದವು ಎಂದು ನೋಡಿದರೆ ಉಳಿದ ಒಂಬತ್ತನ್ನು ಎಷ್ಟು ನಂಬಬಹುದು ಎಂದು ತಿಳಿಯುತ್ತದೆ.

ಆ ಮೂರು ಗುಂಡಿಗಳ ಮಿತಿಯನ್ನು ಪ್ರಕಟವಾದ ವಿಜಯಪುರ ಸರಣಿಯ ಮಿತಿಯ ಜೊತೆ ಇಟ್ಟು ನೋಡಿ. ಒಳಗೆ ಕೂತರೆ ಆ ಹೆಸರು ಬರೆಯಿರಿ. ಕೆರೆ ಕಡೆ ಇಳಿಯುವಾಗ ಜೇಬಿನಲ್ಲಿ ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲದ ಸಣ್ಣ ಬಾಟಲಿ ಇರಲಿ. ಪ್ರತಿ ಆಗರ್ ಮಣ್ಣಿಗೂ ಎರಡು ಹನಿ ಹಾಕಿ. ಸುಣ್ಣ ಇದ್ದರೆ ಬುರುಗು ಏಳುತ್ತದೆ. ಎಲ್ಲಿ ಮೊದಲು ಏಳುತ್ತದೋ ಅಲ್ಲಿ ಗೂಟ ನೆಟ್ಟು ಆಳ ಬರೆದುಕೊಳ್ಳಿ. ಆ ಗೂಟದಿಂದ ಕೆಳಗಿನದನ್ನು ನಿಮ್ಮ ಸರಣಿಗೆ ಸೇರಿಸಬೇಡಿ.